ಹಗಲು ಮನೆಯಲ್ಲಿರುವವರ ಊರು

ಜನವರಿಯ ಮಧ್ಯಾಹ್ನ. ಮೈಸೂರಿನ ಹಳೆಯ ಮನೆಯ ನಡುಮನೆಯಲ್ಲಿ ಪತ್ರಿಕೆ ಹಾಸಿ ಅವರೆಕಾಯಿ ಸುರಿದಿದೆ. ಹದಿನೈದು ವರ್ಷದಿಂದ ಸಿಡ್ನಿಯಲ್ಲಿರುವ ಅಕ್ಕ ಮೂರು ವಾರದ ರಜೆಗೆ ಬಂದಿದ್ದಾಳೆ. ಏಪ್ರಿಲ್‌ನಲ್ಲಿ ಹೆಂಡತಿ ಮತ್ತು ಎಂಟು ವರ್ಷದ ಮಗಳ ಜೊತೆ ಅದೇ ಊರಿಗೆ ಹೊರಟಿರುವ ತಮ್ಮ ಎದುರಿಗೆ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಾನೆ. ಪಿಆರ್ ವೀಸಾ ಬಂದಾಗಿದೆ, ನಾರ್ತ್ ಸಿಡ್ನಿಯಲ್ಲಿ ಕೆಲಸವೂ ಸಿಕ್ಕಿದೆ. ಮನೆ ಯಾವ ಸಬರ್ಬಿನಲ್ಲಿ ಎಂಬುದು ಮಾತ್ರ ಬಾಕಿ.

ತಮ್ಮ: ಹದಿನಾಲ್ಕು ಸಬರ್ಬ್ ಪಟ್ಟಿ ಮಾಡಿದ್ದೀನಿ ಅಕ್ಕ. ಬಾಡಿಗೆ, ಶಾಲೆಯ ರ‍್ಯಾಂಕು, ಆಫೀಸಿಗೆ ಎಷ್ಟು ಹೊತ್ತು, ಇಂಡಿಯನ್ ಅಂಗಡಿ ಎಷ್ಟು ದೂರ, ಎಲ್ಲಕ್ಕೂ ಅಂಕ ಕೊಟ್ಟಿದ್ದೀನಿ. ಕೂಡಿಸಿದರೆ ಮಾರ್ಸ್‌ಡನ್ ಪಾರ್ಕ್ ಮೇಲೆ ಬರುತ್ತೆ. ನಾಲ್ಕು ಬೆಡ್‌ರೂಮಿನ ಹೊಸ ಮನೆ, ಎರಡು ಕಾರಿನ ಗ್ಯಾರೇಜು. ಪ್ಯಾರಮಾಟಾ ಹತ್ತಿರ ಹೋದರೆ ಅಷ್ಟು ಜಾಗ ಎಲ್ಲಿ ಸಿಗುತ್ತೆ?

ಅಕ್ಕ: ಪಟ್ಟಿ ಚೆನ್ನಾಗಿ ಮಾಡಿದ್ದೀಯ. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಅನ್ನೋದನ್ನ ಎಲ್ಲಿ ಬರೆದಿದ್ದೀಯ?

ತಮ್ಮ: ಅದಕ್ಕೆ ಕಾಲಂ ಮಾಡಿಲ್ಲ.

ಅಕ್ಕ: ನಾನು ಮೊದಲು ಕೇಳೋದೇ ಅದು. ನೀನು ಬೆಳಿಗ್ಗೆ ಏಳೂವರೆಗೆ ಹೊರಟರೆ ಸಂಜೆ ಆರೂವರೆಗೆ ಬರ್ತೀಯ. ನಿನ್ನ ಹೆಂಡತಿ ನರ್ಸ್. ಅಲ್ಲಿನ ನೋಂದಣಿ ಮುಗಿಯೋ ತನಕ ನರ್ಸ್ ಆಗಿ ಆಸ್ಪತ್ರೆಗೆ ಕಾಲಿಡೋ ಹಾಗಿಲ್ಲ. ಎನ್‌ಕ್ಲೆಕ್ಸ್ ಪರೀಕ್ಷೆ ಬರೆದಾಯ್ತು ಅಂದಳು, ಇನ್ನು ಓಸ್ಕಿ ಅನ್ನೋ ಪ್ರಾಯೋಗಿಕ ಪರೀಕ್ಷೆ ಬಾಕಿ. ಅದಕ್ಕೆಲ್ಲ ಕೆಲವು ತಿಂಗಳು ಹಿಡಿಯುತ್ತೆ. ಆ ತಿಂಗಳುಗಳಲ್ಲಿ ಆ ಸಬರ್ಬಿನಲ್ಲಿ ವಾಸ ಮಾಡೋದು ಅವಳು. ನೀನು ರಾತ್ರಿ ಬಂದು ಮಲಗ್ತೀಯ ಅಷ್ಟೆ.

ತಮ್ಮ: ಕಾರು ತಗೊಂಡರಾಯ್ತಲ್ಲ?

ಅಕ್ಕ: ಅವಳು ಇಲ್ಲಿ ಸ್ಕೂಟರ್ ಓಡಿಸ್ತಾಳೆ, ಕಾರು ಮುಟ್ಟಿಲ್ಲ. ನನಗೂ ಹಾಗೇ ಇತ್ತು. ಪೇಪರ್ ಈ ಕಡೆ ಸರಿಸು, ನೆಲದ ಮೇಲೆ ತೋರಿಸ್ತೀನಿ. ಈ ಹೊಸ್ತಿಲೇ ಸಮುದ್ರ ಅಂದುಕೋ, ಪೂರ್ವ ದಿಕ್ಕು. ಇದು ಸೆಂಟ್ರಲ್ ಸ್ಟೇಷನ್. ಇಲ್ಲಿಂದ ಪಶ್ಚಿಮಕ್ಕೆ ಒಂದೊಂದೇ ಕಾಳು ಇಡ್ತೀನಿ. ಸ್ಟ್ರಾತ್‌ಫೀಲ್ಡ್, ಲಿಡ್‌ಕೂಮ್, ಗ್ರಾನ್‌ವಿಲ್, ಹ್ಯಾರಿಸ್ ಪಾರ್ಕ್, ಪ್ಯಾರಮಾಟಾ. ಆಮೇಲೆ ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್, ಟೂಂಗಾಬಿ, ಸೆವೆನ್ ಹಿಲ್ಸ್, ಬ್ಲ್ಯಾಕ್‌ಟೌನ್. ವೆಂಟ್‌ವರ್ತ್‌ವಿಲ್ ಅಂತ ಪೂರ್ತಿ ಯಾರೂ ಹೇಳಲ್ಲ, ಎಲ್ಲರ ಬಾಯಲ್ಲೂ ಅದು ವೆಂಟಿ. ಬ್ಲ್ಯಾಕ್‌ಟೌನಿನಲ್ಲಿ ದಾರಿ ಎರಡಾಗುತ್ತೆ, ಒಂದು ಪೆನ್ರಿತ್ ಕಡೆಗೆ, ಇನ್ನೊಂದು ಸ್ಕೋಫೀಲ್ಡ್ಸ್ ದಾಟಿ ರಿಚ್ಮಂಡ್ ಕಡೆಗೆ. ಮೇಲೆ, ಈ ತಟ್ಟೆ ಹತ್ತಿರ, ಮೆಟ್ರೋ. ಟಲ್ಲವಾಂಗ್‌ನಿಂದ ರೌಸ್ ಹಿಲ್, ಕ್ಯಾಸಲ್ ಹಿಲ್, ಎಪ್ಪಿಂಗ್, ಚಾಟ್ಸ್‌ವುಡ್. 2019ರಲ್ಲಿ ಶುರುವಾದಾಗ ಅಲ್ಲಿಗೇ ನಿಲ್ಲುತ್ತಿತ್ತು, 2024ರ ಆಗಸ್ಟ್‌ನಿಂದ ಊರೊಳಗೆ ಹಾದು ಸಿಡೆನ್‌ಹ್ಯಾಮ್ ತನಕ ಹೋಗುತ್ತೆ.

ತಮ್ಮ: ಮಾರ್ಸ್‌ಡನ್ ಪಾರ್ಕಿಗೆ ಕಾಳು ಇಡಲೇ ಇಲ್ಲ.

ಅಕ್ಕ: ಅಲ್ಲಿ ಸ್ಟೇಷನ್ನೇ ಇಲ್ಲ ಕಣೋ. ಸ್ಕೋಫೀಲ್ಡ್ಸಿಗೋ ಟಲ್ಲವಾಂಗಿಗೋ ಬಸ್ಸಿನಲ್ಲಿ ಇಲ್ಲಾ ಕಾರಿನಲ್ಲಿ ಬರಬೇಕು. ನೀನು ಹಾಕಿರೋ ಪ್ರಯಾಣದ ಹೊತ್ತು ಸ್ಟೇಷನ್ನಿಂದ ಲೆಕ್ಕ. ಮನೆ ಬಾಗಿಲಿಂದ ಲೆಕ್ಕ ಹಾಕಿ ನೋಡು.

ತಮ್ಮ: ಆದರೂ ಹೊಸ ಮನೆ ಅಕ್ಕ. ಮಗಳಿಗೆ ಆಡೋಕೆ ಅಂಗಳ ಇರುತ್ತೆ.

ಅಕ್ಕ: 2011ರಲ್ಲಿ ನಿನ್ನ ಭಾವನೂ ಇದೇ ಮಾತು ಹೇಳಿದರು. ಸ್ಕೋಫೀಲ್ಡ್ಸ್ ಕಡೆ ಒಂದು ಹೊಸ ಲೇಔಟಿನಲ್ಲಿ ಮನೆ ಹಿಡಿದೆವು. ಮಗುವಿಗೆ ಏಳು ತಿಂಗಳು. ಬೆಳಿಗ್ಗೆ ಅವರು ಕಾರು ತಗೊಂಡು ಹೋದರೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲಾ ಮನೆಯ ಗ್ಯಾರೇಜ್ ಬಾಗಿಲು ಮುಚ್ಚಿರುತ್ತಿತ್ತು. ಪ್ರ್ಯಾಮ್ ತಳ್ಳಿಕೊಂಡು ಹೊರಟರೆ ಫುಟ್‌ಪಾತ್ ಅರ್ಧ ದಾರಿಗೆ ನಿಂತುಹೋಗೋದು, ಮುಂದೆ ಕೆಂಪು ಮಣ್ಣು, ಜಲ್ಲಿ ರಾಶಿ. ಬಸ್ಸು ಗಂಟೆಗೊಂದು. ಒಂದು ದಿನ ಹಾಲು ಖಾಲಿಯಾಗಿತ್ತು. ಅಂಗಡಿಗೆ ನಡೆದರೆ ನಲವತ್ತು ನಿಮಿಷ. ಬರೋವಾಗ ಬಿಸಿಲಿಗೆ ಮಗುವಿನ ಮುಖ ಕೆಂಪಗಾಗಿ ಅಳು ನಿಲ್ಲಲಿಲ್ಲ. ದಾರಿಯಲ್ಲಿ ಒಂದು ಮರ ಇದ್ದರೆ ನೆರಳಿಗೆ ನಿಲ್ಲಬಹುದಿತ್ತು. ನೆಟ್ಟಿದ್ದ ಗಿಡಗಳು ನನ್ನ ಮೊಣಕಾಲೆತ್ತರ ಇದ್ದವು.

ತಮ್ಮ: ಇದನ್ನ ಯಾವತ್ತೂ ನೀನು ಹೇಳಲೇ ಇಲ್ಲ.

ಅಕ್ಕ: ಅಮ್ಮನಿಗೆ ಫೋನಿನಲ್ಲಿ ಏನು ಹೇಳೋದು? ದೊಡ್ಡ ಮನೆ, ಹೊಸ ಅಡುಗೆಮನೆ ಅಂತ ಫೋಟೊ ಕಳಿಸ್ತಿದ್ದೆ. ಆ ಚಳಿಗಾಲದಲ್ಲಿ ಒಮ್ಮೆ ಲೆಕ್ಕ ಹಾಕಿದೆ. ನಿನ್ನ ಭಾವನನ್ನ ಬಿಟ್ಟರೆ ದೊಡ್ಡವರ ಜೊತೆ ನಾನು ಎದುರೆದುರು ನಿಂತು ಮಾತಾಡಿ ಹನ್ನೊಂದು ದಿನ ಆಗಿತ್ತು. ಲೈಸೆನ್ಸ್ ಸಿಗೋ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದಿತ್ತು. ಒಪ್ಪಂದ ಮುಗಿದ ವಾರವೇ ವೆಂಟಿಗೆ ಬಂದೆವು. ಹಳೇ ಇಟ್ಟಿಗೆ ಕಟ್ಟಡ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಆದರೆ ಸ್ಟೇಷನ್ನಿಗೆ ಎಂಟು ನಿಮಿಷ, ಲೈಬ್ರರಿಗೆ ಹತ್ತು ನಿಮಿಷ. ಚಿಕ್ಕಮಕ್ಕಳಿಗೆ ಕತೆ ಹೇಳೋ ದಿನ ಮಗೂನ ಕರೆದುಕೊಂಡು ಹೋಗಿ ಕೂತೆ. ಪಕ್ಕದಲ್ಲಿ ಕೂತಿದ್ದವಳು ಲೆಬನಾನಿನವಳು. ಅವಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಈಗಲೂ ನನ್ನ ಗೆಳತಿ.

ತಮ್ಮ: ನನಗೆ ಒಂದು ಅಳುಕು ಇದೆ, ಹೇಳಲಾ? ಹ್ಯಾರಿಸ್ ಪಾರ್ಕ್, ವೆಂಟಿ, ಟೂಂಗಾಬಿ ಕಡೆ ಎಲ್ಲಾ ನಮ್ಮವರೇ ಅಂತಾರೆ. ವಿಗ್ರಾಮ್ ಸ್ಟ್ರೀಟಿನಲ್ಲಿ ಚಾಟ್, ಪಾನ್, ಸೀರೆ ಅಂಗಡಿ ಎಲ್ಲಾ ಇದೆಯಂತೆ. ಇಷ್ಟು ದೂರ ಹೋಗಿ ಮತ್ತೆ ಇಂಡಿಯಾದಲ್ಲೇ ಇರೋದಾದರೆ ಯಾಕೆ ಹೋಗಬೇಕು? ಮಗಳು ಅಲ್ಲಿನ ಮಕ್ಕಳ ಜೊತೆ ಬೆರೆಯೋದು ಬೇಡವಾ?

ಅಕ್ಕ: ಅಳುಕು ಸುಳ್ಳಲ್ಲ. ಎಂಟು ವರ್ಷದಿಂದ ಅಲ್ಲಿದ್ದು ಬ್ಯಾಂಕಿಗೆ ಒಬ್ಬಳೇ ಹೋಗೋಕೆ ಹೆದರೋ ಹೆಂಗಸನ್ನ ನಾನೇ ನೋಡಿದ್ದೀನಿ. ಎಲ್ಲದಕ್ಕೂ ನಮ್ಮವರು ಸಿಕ್ಕಿಬಿಟ್ಟರೆ ಹೊಸದು ಕಲಿಯೋ ಒತ್ತಾಯ ಇರಲ್ಲ, ಅದು ನಿಜವಾದ ನಷ್ಟ. ಆದರೆ ಮೊದಲ ವರ್ಷದ ಊರೇ ಬೇರೆ, ಹತ್ತನೇ ವರ್ಷದ ಊರೇ ಬೇರೆ. ಮೊದಲ ವರ್ಷ ಎಲ್ಲಾ ಹೊಸದು. ಬಸ್ಸಿಗೆ ಓಪಲ್ ಕಾರ್ಡು, ಕಸಕ್ಕೆ ಮೂರು ಬಣ್ಣದ ಮುಚ್ಚಳ, ಜ್ವರ ಬಂದರೆ ಮೊದಲು ಜಿಪಿ ಅನ್ನೋ ಮಾಮೂಲಿ ಡಾಕ್ಟರು. ಇದನ್ನೆಲ್ಲ ಮೆಟ್ಟಿಲ ಮೇಲೆ ನಿಂತು ಕೇಳೋಕೆ ಒಬ್ಬರು ಬೇಕು. ಮೊದಲ ವರ್ಷ ಜನ ಇರೋ ಕಡೆ ಇರು. ಕಾಲು ಊರಿದ ಮೇಲೆ ಎಲ್ಲಿಗೆ ಬೇಕಾದರೂ ಹೋಗು, ನಾನೇ ಮುಂದೆ ನಿಂತು ಸಾಮಾನು ಸಾಗಿಸ್ತೀನಿ.

ತಮ್ಮ: ನಮ್ಮವರು ಅಂದರೆ ಕನ್ನಡದವರಾ?

ಅಕ್ಕ: ಕನ್ನಡದವರದ್ದೇ ಅಂತ ಒಂದು ಸಬರ್ಬ್ ಇಲ್ಲ. ನಾವು ಚದುರಿ ಹೋಗಿದ್ದೀವಿ. ಯುಗಾದಿ, ರಾಜ್ಯೋತ್ಸವಕ್ಕೆ ಕನ್ನಡ ಸಂಘದಲ್ಲಿ ಸೇರ್ತೀವಿ. ಮಗಳಿಗೆ ವಾರಕ್ಕೊಮ್ಮೆ ಕನ್ನಡ ಶಾಲೆ ಇದೆ, ಅದಕ್ಕೆ ದೂರ ಆದರೂ ಕರೆದುಕೊಂಡು ಹೋಗು. ವೆಂಟಿ, ಪೆಂಡಲ್ ಹಿಲ್, ಟೂಂಗಾಬಿ ಕಡೆ ಶ್ರೀಲಂಕಾದ ತಮಿಳರು ತುಂಬಾ ಜನ. ಯುದ್ಧದ ಕಾಲದಲ್ಲಿ ಊರು ಬಿಟ್ಟು ಬಂದವರು. 2014ರಲ್ಲಿ ಅಮ್ಮ ಮೂರು ತಿಂಗಳು ಬಂದಿದ್ದಳಲ್ಲ, ಆಗ ಕೆಳಗಿನ ಬೀದಿಯ ಜಾಫ್ನಾದ ಅಜ್ಜಿಯೊಬ್ಬರ ಹಿತ್ತಲಲ್ಲಿ ಕರಿಬೇವಿನ ಗಿಡ ನೋಡಿದಳು. ಇವಳು ಕನ್ನಡದಲ್ಲಿ ಕೇಳಿದಳು, ಅವರು ತಮಿಳಿನಲ್ಲಿ ಕೊಟ್ಟರು. ಆಮೇಲೆ ದಿನಾ ಸಂಜೆ ಇಬ್ಬರೂ ಅಲ್ಲಿ ಕೂತು ಮಾತಾಡೋರು. ಅಂಗಡಿಯಲ್ಲಿ ಏಳೆಂಟು ಎಸಳಿನ ಪೊಟ್ಟಣಕ್ಕೆ ಎಷ್ಟು ಡಾಲರ್ ಕೊಡ್ತೀವಿ ಅಂತ ನೆನೆದರೆ ಆ ಗಿಡದ ಬೆಲೆ ಗೊತ್ತಾಗುತ್ತೆ. ಇಂಗ್ಲಿಷ್ ಬಾರದ ಅಮ್ಮ ಆ ಊರಿನಲ್ಲಿ ಒಬ್ಬಳೇ ಓಡಾಡಿದಳು. ಮಾರ್ಸ್‌ಡನ್ ಪಾರ್ಕಿನಲ್ಲಿ ಅವಳು ನೀನು ಬರೋ ತನಕ ಟೀವಿ ನೋಡಬೇಕು.

ತಮ್ಮ: ಶಾಲೆ ವಿಷಯ? ಅದಕ್ಕೆ ನಾನು ಅತಿ ಹೆಚ್ಚು ಅಂಕ ಇಟ್ಟಿದ್ದೀನಿ. ಕಾರ್ಲಿಂಗ್‌ಫೋರ್ಡಿನಲ್ಲಿದ್ದರೆ ಜೇಮ್ಸ್ ರೂಸ್ ಶಾಲೆ ಹತ್ತಿರ ಅಂತ ಎಲ್ಲರೂ ಹೇಳಿದರು.

ಅಕ್ಕ: ಹತ್ತಿರ ಇದ್ದರೆ ಏನೂ ಬರಲ್ಲ. ಜೇಮ್ಸ್ ರೂಸ್ ಆಗಲಿ, ಬಾಕಮ್ ಹಿಲ್ಸ್, ಗಿರಾವೀನ್ ಆಗಲಿ, ಅವು ಸೆಲೆಕ್ಟಿವ್ ಹೈಸ್ಕೂಲು. ಅಲ್ಲಿಗೆ ಸೇರೋಕೆ ಪರೀಕ್ಷೆ ಪಾಸಾಗಬೇಕು, ವಿಳಾಸ ಕೇಳಲ್ಲ. ಮಾಮೂಲಿ ಸರ್ಕಾರಿ ಶಾಲೆಗೆ ಮಾತ್ರ ಗಡಿ ಇದೆ, ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು. ಶಿಕ್ಷಣ ಇಲಾಖೆಯ ತಾಣದಲ್ಲಿ ಮನೆಯ ವಿಳಾಸ ಹಾಕಿದರೆ ಯಾವ ಶಾಲೆ ಅಂತ ತೋರಿಸುತ್ತೆ. ಮನೆ ಹಿಡಿಯೋ ಮೊದಲು ಹಾಕಿ ನೋಡು. ನಿಮಗೆ ಪಿಆರ್ ಇರೋದರಿಂದ ಸರ್ಕಾರಿ ಶಾಲೆಗೆ ಬೋಧನಾ ಶುಲ್ಕ ಇಲ್ಲ. ಮಗಳು ಮೂರನೇ ಕ್ಲಾಸು. ಅಲ್ಲಿ ಶೈಕ್ಷಣಿಕ ವರ್ಷ ಜನವರಿ ಕೊನೆಗೋ ಫೆಬ್ರವರಿ ಮೊದಲಿಗೋ ಶುರುವಾಗುತ್ತೆ, ಇವಳು ಏಪ್ರಿಲ್‌ನಲ್ಲಿ ನಡುವೆ ಹೋಗಿ ಸೇರ್ತಾಳೆ. ಅಷ್ಟು ಹೊತ್ತಿಗೆ ಮಿಕ್ಕ ಮಕ್ಕಳಿಗೆಲ್ಲ ಜೊತೆಗಾರರು ಆಗಿರುತ್ತಾರೆ. ಅವಳ ಹಾಗೆ ಹೊಸದಾಗಿ ಬಂದ ಇನ್ನೊಂದು ಮಗು ಆ ತರಗತಿಯಲ್ಲಿದ್ದರೆ ಅದೇ ದೊಡ್ಡ ಭಾಗ್ಯ. ವೆಂಟಿ, ವೆಸ್ಟ್‌ಮೀಡ್ ಶಾಲೆಯಲ್ಲಿ ಅಂಥ ಮಕ್ಕಳು ಇದ್ದೇ ಇರುತ್ತಾರೆ, ಟೀಚರುಗಳಿಗೂ ಅದು ಅಭ್ಯಾಸ. ಎಂಟು ವರ್ಷದ ಮಗುವಿಗೆ ರ‍್ಯಾಂಕ್ ನೋಡಿ ಬಾಡಿಗೆ ಕಟ್ಟಬೇಡ.

ತಮ್ಮ: ಬಾಡಿಗೆ ಅಂದೆ ಅಲ್ಲ, ವಾರಕ್ಕೆ 650 ಡಾಲರ್ ಅಂತ ಇಟ್ಟುಕೊಂಡಿದ್ದೀನಿ. ತಿಂಗಳಿಗೆ 2,600.

ಅಕ್ಕ: ಅಲ್ಲೇ ಎಲ್ಲರೂ ಎಡವೋದು. ವರ್ಷಕ್ಕೆ 52 ವಾರ. ವರ್ಷದ ಬಾಡಿಗೆಯನ್ನ ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,800 ದಾಟುತ್ತೆ. ಒಳಗೆ ಹೋಗೋ ದಿನ ನಾಲ್ಕು ವಾರದ ಬಾಡಿಗೆ ಬಾಂಡ್, ಅಂದರೆ ಠೇವಣಿ, ಎರಡು ವಾರದ್ದು ಮುಂಗಡ, ಒಟ್ಟು 3,900. ಅದಕ್ಕಿಂತ ಹೆಚ್ಚು ಅವರು ಕೇಳೋ ಹಾಗಿಲ್ಲ, ಕಾನೂನು ಇದೆ. ಬಾಂಡ್ ದುಡ್ಡು ಮಾಲೀಕನ ಹತ್ತಿರ ಉಳಿಯಲ್ಲ, ಸರ್ಕಾರದ ಖಾತೆಗೆ ಹೋಗುತ್ತೆ. ನಾವು ಬಂದಾಗ ಇದ್ದುದಕ್ಕಿಂತ ಈಗ ಕಾನೂನು ಬಾಡಿಗೆದಾರನ ಕಡೆ ಸ್ವಲ್ಪ ವಾಲಿದೆ. 2024ರ ಅಕ್ಟೋಬರ್ ಕೊನೆಯಿಂದ ವರ್ಷಕ್ಕೆ ಒಂದೇ ಸಲ ಬಾಡಿಗೆ ಏರಿಸಬಹುದು. 2025ರ ಮೇ 19ರಿಂದ ಕಾರಣ ಕೊಡದೆ ಖಾಲಿ ಮಾಡಿ ಅನ್ನೋ ಹಾಗಿಲ್ಲ.

ತಮ್ಮ: ಇಲ್ಲಿಂದಲೇ ಮನೆ ಗೊತ್ತು ಮಾಡಿಕೊಂಡು ಬಂದರೆ?

ಅಕ್ಕ: ಬೇಡವೇ ಬೇಡ. ಕಣ್ಣಲ್ಲಿ ನೋಡದ ಮನೆಗೆ ಒಂದು ಡಾಲರ್ ಕಳಿಸಬೇಡ. ಬೇರೆ ಯಾರದೋ ಮನೆಯ ಫೋಟೊ ತೋರಿಸಿ ಮುಂಗಡ ನುಂಗೋರು ಇದ್ದಾರೆ. ಮೊದಲ ತಿಂಗಳು ನಮ್ಮ ಮನೆಯಲ್ಲಿರಿ. ಮನೆ ಸಿಕ್ಕ ದಿನ ಕಂಡೀಷನ್ ರಿಪೋರ್ಟ್ ಅಂತ ಕೊಡ್ತಾರೆ, ಗೋಡೆ, ನೆಲ, ನಲ್ಲಿ ಹೇಗಿದೆ ಅಂತ ಬರೆದಿರೋದು. ಅದನ್ನ ನೋಡಿ, ತಿದ್ದಿ, ಏಳು ದಿನದೊಳಗೆ ವಾಪಸ್ ಕೊಡಬೇಕು. ಸ್ಕೋಫೀಲ್ಡ್ಸ್ ಕಡೆಯ ಆ ಮನೆಯಲ್ಲಿ ನಾವು ಓದದೇ ಸಹಿ ಹಾಕಿದೆವು. ಕಾರ್ಪೆಟ್ಟಿನ ಮೂಲೆಯಲ್ಲಿ ಮೊದಲೇ ಇದ್ದ ಕಲೆಗೆ ಬಿಡುವಾಗ ನಮ್ಮ ಬಾಂಡಿನಿಂದ 380 ಡಾಲರ್ ಹಿಡಿದರು. ನಮ್ಮದಲ್ಲ ಅಂದರೆ ಏಜೆಂಟು ಫೋಟೊ ಇದೆಯಾ ಅಂದ. ಇರಲಿಲ್ಲ. ನೀನು ಫೋನ್ ಹಿಡಿದು ಪ್ರತಿ ಮೂಲೆ ತೆಗಿ, ಒಲೆಯ ಒಳಗೂ ತೆಗಿ.

ತಮ್ಮ: ಅಮ್ಮ ಬೆಳಿಗ್ಗೆ ಕೇಳಿದಳು, ಬಾಗಿಲು ಪೂರ್ವಕ್ಕೆ ಇರೋ ಮನೆ ಸಿಗುತ್ತಾ ಅಂತ.

ಅಕ್ಕ: ಅಮ್ಮನ ಪ್ರಶ್ನೆಯಲ್ಲಿ ವಿಷಯ ಇದೆ. ಆದರೆ ಅಲ್ಲಿ ಉತ್ತರ ದಕ್ಷಿಣದ ಲೆಕ್ಕ ತಿರುವುಮುರುವು. ದಕ್ಷಿಣಾರ್ಧಗೋಳ ಅಲ್ಲವಾ, ಮಧ್ಯಾಹ್ನದ ಸೂರ್ಯ ಉತ್ತರದ ಆಕಾಶದಲ್ಲಿರುತ್ತಾನೆ. ಕೂರೋ ಕೋಣೆಯ ಕಿಟಕಿ ಉತ್ತರಕ್ಕಿದ್ದರೆ ಚಳಿಗಾಲದಲ್ಲಿ ನೆಲದ ಮೇಲೆ ಬಿಸಿಲು ಬೀಳುತ್ತೆ, ಹಪ್ಪಳ ಒಣಗಿಸಬಹುದು. ದಕ್ಷಿಣಕ್ಕಿದ್ದರೆ ಜೂನ್, ಜುಲೈ ಪೂರ್ತಿ ಕತ್ತಲು, ಶೀತ. ಪಶ್ಚಿಮದ ಕಿಟಕಿಯ ಬೆಡ್‌ರೂಮಿನಲ್ಲಿ ಜನವರಿ ರಾತ್ರಿ ನಿದ್ದೆ ಬರಲ್ಲ. ಮನೆ ನೋಡೋಕೆ ಹೋದಾಗ ಬಟ್ಟೆಯ ವಾರ್ಡ್‌ರೋಬ್ ಬಾಗಿಲು ತೆಗೆದು ಮೂಗು ಒಳಗಿಟ್ಟು ನೋಡು. ಒದ್ದೆ ಬಟ್ಟೆಯ ವಾಸನೆ ಬಂದರೆ ಹಿಂದಿನ ಗೋಡೆಗೆ ಬೂಷ್ಟು ಹಿಡಿದಿದೆ ಅಂತಲೇ ಅರ್ಥ, ಮೇಲೆ ಎಷ್ಟೇ ಬಿಳಿ ಬಣ್ಣ ಬಳಿದಿರಲಿ.

ತಮ್ಮ: ಅಡುಗೆಮನೆ?

ಅಕ್ಕ: ಒಲೆಯ ಮೇಲಿನ ಫ್ಯಾನು ಹೊಗೆಯನ್ನ ಎಲ್ಲಿಗೆ ಕಳಿಸುತ್ತೆ ಅಂತ ಕೇಳು. ಎಷ್ಟೋ ಫ್ಲ್ಯಾಟುಗಳಲ್ಲಿ ಅದು ಹೊರಗೆ ಹೋಗಲ್ಲ, ಜಾಲರಿಯಲ್ಲಿ ಹಾದು ಮತ್ತೆ ಒಳಗೇ ಬರುತ್ತೆ. ನಮ್ಮ ಒಗ್ಗರಣೆ ಗೊತ್ತಲ್ಲ, ಎಣ್ಣೆ ಕಾದು ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬಿದ್ದ ಕ್ಷಣಕ್ಕೆ ಸ್ಮೋಕ್ ಅಲಾರಂ ಕೂಗುತ್ತೆ. ಆಗ ಗಾಬರಿಯಲ್ಲಿ ಮುಂಬಾಗಿಲು ತೆಗೆಯಬೇಡಿ. ಹೊಗೆ ಕಾರಿಡಾರಿಗೆ ಹೋದರೆ ಇಡೀ ಕಟ್ಟಡದ ಅಲಾರಂ ಹೊಡೆದು ಫೈರ್ ಎಂಜಿನ್ ಬರೋದುಂಟು, ಸುಮ್ಮನೆ ಬಂದಿದ್ದಕ್ಕೆ ದೊಡ್ಡ ಶುಲ್ಕ ಬೀಳೋದೂ ಉಂಟು. ಬಾಲ್ಕನಿ ಬಾಗಿಲು ತೆಗೀಬೇಕು. ಬಾಲ್ಕನಿ ಅಡುಗೆಮನೆಗೆ ಹತ್ತಿರ ಇರೋ ಫ್ಲ್ಯಾಟ್ ಹಿಡಿ. ಇದನ್ನ ನಿನ್ನ ಹೆಂಡತಿಗೆ ಈಗಲೇ ಹೇಳಿಡು.

ತಮ್ಮ: ಅಲ್ಲಿ ಬಿಸಿಲು ಅಷ್ಟೊಂದಾ? ನಾವು ಬಿಸಿಲಿಗೆ ಹೊಸಬರಲ್ಲವಲ್ಲ.

ಅಕ್ಕ: ಮೈಸೂರಿನವರು ಆ ಬಿಸಿಲು ಕಂಡಿಲ್ಲ. 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ. ಸಮುದ್ರದ ಗಾಳಿ ದಡದ ಸಬರ್ಬುಗಳನ್ನ ತಣಿಸುತ್ತೆ, ಪಶ್ಚಿಮಕ್ಕೆ ಬರೋ ಹೊತ್ತಿಗೆ ಸೋತುಹೋಗಿರುತ್ತೆ. ದಡಕ್ಕೂ ಪೆನ್ರಿತ್‌ಗೂ ಎಂಟು ಹತ್ತು ಡಿಗ್ರಿ ವ್ಯತ್ಯಾಸ ಇರೋ ದಿನಗಳೂ ಬರುತ್ತವೆ. ಅದರ ಮೇಲೆ ಹೊಸ ಲೇಔಟಿನ ಕಪ್ಪು ಹೆಂಚು, ಕಪ್ಪು ರಸ್ತೆ, ಮರ ಇಲ್ಲ. ವೆಂಟಿಯೂ ತಂಪಲ್ಲ, ಸುಳ್ಳು ಹೇಳಲ್ಲ. ಹಳೇ ರಸ್ತೆಗಳಲ್ಲಿ ನೆರಳಿದೆ ಅಷ್ಟೆ. ಆ ಕಡೆಯ ನೀರಿನದ್ದೂ ಒಂದು ಮಾತು. ಹಾಕ್ಸ್‌ಬರಿ ನದಿ 2021ರಲ್ಲಿ, 2022ರಲ್ಲಿ ಉಕ್ಕಿತು. ಬಯಲಿಗೆ ಬಂದ ನೀರು ಮುಂದೆ ಇಕ್ಕಟ್ಟಾದ ಕಣಿವೆಯಲ್ಲಿ ಹಾದು ಹೋಗಬೇಕು, ಅದಕ್ಕೆ ಹಿಂದಕ್ಕೆ ನಿಂತುಬಿಡುತ್ತೆ. ವಿಂಡ್ಸರ್ ಕಡೆ ಮನೆಗಳು ಮುಳುಗಿದವು.

ತಮ್ಮ: ಅದೇ 2022ರಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ವಿಲ್ಲಾಗಳಿಗೂ ನೀರು ನುಗ್ಗಿತ್ತು. ಜನರನ್ನ ಟ್ರ್ಯಾಕ್ಟರಿನಲ್ಲಿ ಕರೆತಂದರು.

ಅಕ್ಕ: ನೋಡು, ನಿನಗೇ ಗೊತ್ತಿದೆ. ಎಲ್ಲಿ ಹೋದರೂ ನೀರು ಯಾವ ಕಡೆ ಹರಿಯುತ್ತೆ ಅಂತ ಮೊದಲು ಕೇಳಬೇಕು. ಅಲ್ಲಿನ ಮೂಲದವರು ಕೇಳುತ್ತಿದ್ದರು. ಪ್ಯಾರಮಾಟಾ ಅನ್ನೋದು ದಾರುಗ್ ಜನರ ಭಾಷೆಯ ಬರ‍್ರಮಟ್ಟಾದಿಂದ ಬಂದಿದ್ದು, ಹಾವುಮೀನು ಮಲಗೋ ಜಾಗ ಅಂತ. ನದಿಯ ಸಿಹಿನೀರೂ ಉಪ್ಪುನೀರೂ ಅಲ್ಲೇ ಸೇರುತ್ತೆ. ನಾವು ಬಾಡಿಗೆ ಎಷ್ಟು ಅಂತ ಕೇಳೋ ನೆಲದ ಕೆಲವು ಹೆಸರುಗಳು ಮೂಲದವರವೇ, ಟೂಂಗಾಬಿ, ಗಿರಾವೀನ್. ಮಗಳಿಗೆ ಅದನ್ನೂ ಹೇಳಿಕೊಡು.

ತಮ್ಮ: ಹಾಗಾದರೆ ವೆಂಟಿಯೇ ಅಂತೀಯಾ?

ಅಕ್ಕ: ವೆಂಟಿ, ಇಲ್ಲಾ ವೆಸ್ಟ್‌ಮೀಡ್. ನೋಂದಣಿ ಮುಗಿದ ಮೇಲೆ ನಿನ್ನ ಹೆಂಡತಿ ಅರ್ಜಿ ಹಾಕೋದು ವೆಸ್ಟ್‌ಮೀಡ್ ಆಸ್ಪತ್ರೆಗೆ, ಪಕ್ಕದ ಮಕ್ಕಳ ಆಸ್ಪತ್ರೆಗೆ. ಸೆಕೆಂಡ್ ಶಿಫ್ಟು ಮುಗಿಸಿ ರಾತ್ರಿ ಹತ್ತಕ್ಕೆ ಹೊರಗೆ ಬಂದವಳು ಒಂದು ಸ್ಟೇಷನ್ ದಾಟಿದರೆ ಮನೆ. ನಿನಗೂ ವೆಂಟಿಯಿಂದ ನಾರ್ತ್ ಸಿಡ್ನಿಗೆ ರೈಲು ಬದಲಿಸೋದು ಬೇಕಿಲ್ಲ, ಟಿ1 ಮಾರ್ಗದ ರೈಲು ಊರು ದಾಟಿ ಸೇತುವೆ ಮೇಲೆ ಹಾದು ಅಲ್ಲಿಗೇ ಹೋಗುತ್ತೆ. ಸುಮಾರು ಒಂದು ಗಂಟೆ. ಆ ಗಂಟೆ ಕೂತು ಓದಬಹುದು, ಕಾರಿನಲ್ಲಾದರೆ ಟೋಲ್ ಕಟ್ಟಿಕೊಂಡು ಬ್ರೇಕ್ ತುಳಿಯಬೇಕು. ಮನೆ ಚಿಕ್ಕದೇ ಸಿಗುತ್ತೆ, ಎರಡೇ ಕೋಣೆ. ಅಂಗಳ ಇರಲ್ಲ, ಪ್ಯಾರಮಾಟಾ ಪಾರ್ಕ್ ಇದೆ.

ತಮ್ಮ: ಅವಳನ್ನ ಒಂದು ಮಾತು ಕೇಳೇ ಇಲ್ಲ ನಾನು. ಈ ಪಟ್ಟಿ ಪೂರ್ತಿ ನಾನೇ ಮಾಡಿದ್ದು.

ಅಕ್ಕ: ಈಗ ಕರಿ, ಇಲ್ಲೇ ಬಂದು ಕೂರಲಿ, ಕಾಳೂ ಸುಲಿಯಲಿ. ಅಲ್ಲಿಗೆ ಹೋದ ಮೇಲೂ ಶನಿವಾರದ ಇನ್‌ಸ್ಪೆಕ್ಷನ್ನಿಗೆ ನೀನೊಬ್ಬನೇ ಹೋಗಬೇಡ. ಹದಿನೈದು ನಿಮಿಷ ಬಾಗಿಲು ತೆಗೀತಾರೆ, ಮೂವತ್ತು ಜನ ನಿಂತಿರುತ್ತಾರೆ, ಆ ಗಡಿಬಿಡಿಯಲ್ಲಿ ಏನೂ ಕಾಣಲ್ಲ. ಅದಕ್ಕೆ ಮೊದಲೇ ಒಂದು ಮಂಗಳವಾರ ಮಧ್ಯಾಹ್ನ ಅವಳನ್ನ, ಮಗಳನ್ನ ಕರೆದುಕೊಂಡು ಸ್ಟೇಷನ್ನಿನಲ್ಲಿ ಇಳಿ. ಅಲ್ಲಿಂದ ಮನೆಯ ತನಕ ಅವಳು ಮುಂದೆ ನಡೆಯಲಿ, ನೀನು ಹಿಂದೆ ನಡಿ. ರಾತ್ರಿ ಒಂಬತ್ತೂವರೆಗೆ ಅದೇ ದಾರಿಯಲ್ಲಿ ಇನ್ನೊಂದು ಸಲ ಹೋಗಿ. ಎರಡು ಸಲವೂ ಅವಳು ಆಗಬಹುದು ಅಂದರೆ ಅರ್ಜಿ ಹಾಕು. ಬೇಡ ಅಂದರೆ ಮನೆ ಎಷ್ಟೇ ಚೆನ್ನಾಗಿರಲಿ, ಬಿಟ್ಟು ಬಾ.